ಹಾರುವ ಮುನ್ನ ಇಂಧನದಲ್ಲಿ ನೀರಿದೆಯೇ ನೋಡಿ
ನನ್ನಲ್ಲಿ ಹಾರಾಟ ಕಲಿಯಲು ಬಂದವರ ಕೈಗೆ ನಾನು ಮೊದಲು ಕೊಡುವುದು ಇಂಧನ ಪರೀಕ್ಷಿಸುವ ಪಾರದರ್ಶಕ ಲೋಟ. ದಿನದ ಮೊದಲ ಹಾರಾಟಕ್ಕೆ ಮುನ್ನ, ಹಾಗೆಯೇ ಪ್ರತಿ ಸಲ ಇಂಧನ ತುಂಬಿಸಿದ ಮೇಲೆ, ವಿಮಾನದ ಎಲ್ಲ ಡ್ರೇನ್‌ಗಳಿಂದಲೂ (ಇಂಧನ ಬಸಿಯುವ ಕಿಂಡಿಗಳು) ಮಾದರಿ ತೆಗೆಯಿರಿ. ಒಂದನ್ನೂ ಬಿಡಬೇಡಿ.

ನೀರು ಇಂಧನಕ್ಕಿಂತ ಭಾರ. ಲೋಟದ ತಳದಲ್ಲಿ ಕೂರುತ್ತದೆ, ನಡುವೆ ಗೆರೆ ಕಾಣುತ್ತದೆ. ಆದರೆ ಲೋಟದ ತುಂಬ ನೀರೇ ಇದ್ದರೆ? ಗೆರೆಯೇ ಇರುವುದಿಲ್ಲ, ಎಲ್ಲವೂ ಶುಭ್ರವಾಗಿ ತೋರುತ್ತದೆ. ಅನುಭವಿಗಳೂ ಮೋಸ ಹೋಗುವುದು ಇಲ್ಲೇ. ಅದಕ್ಕೇ ಬಿಳಿ ಹಿನ್ನೆಲೆಗೆ ಹಿಡಿದು ಬಣ್ಣ ನೋಡಿ: 100ಎಲ್‌ಎಲ್ (ಸಣ್ಣ ವಿಮಾನಗಳ ಪೆಟ್ರೋಲ್) ಆದರೆ ನೀಲಿಯೇ ಇರಬೇಕು. ಮೂಸಿಯೂ ನೋಡಿ.

ನೀರು ಸಿಕ್ಕರೆ ಶುದ್ಧ ಇಂಧನ ಬರುವವರೆಗೆ ಬಸಿಯಿರಿ. ಮತ್ತೆ ಮತ್ತೆ ಬರುತ್ತಿದ್ದರೆ ಹಾರಬೇಡಿ, ಮೆಕ್ಯಾನಿಕ್ ಅವರನ್ನು ಕರೆಯಿರಿ. ಇಂಧನ ಎಷ್ಟಿದೆ ಎಂಬುದಕ್ಕೆ ಗೇಜ್ ಒಂದನ್ನೇ ನಂಬದೆ ಅಳತೆ ಕಡ್ಡಿ ಇಳಿಸಿ.