ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಹತೋಟಿ ತಪ್ಪುವ ಸ್ಥಿತಿ) ಇರುವ ಮಗುವಿಗೆ ಕುದುರೆ ಥೆರಪಿ ಕೊಡುವ ಕ್ರಮ

ನಡೆಯುವ ಕುದುರೆಯ ಬೆನ್ನು ಹಿಂದೆಮುಂದೆ, ಎಡಬಲ, ತುಸು ತಿರುಚಿಕೊಂಡೂ ಅಲುಗುತ್ತದೆ. ನಾವು ನಡೆಯುವಾಗ ಸೊಂಟ ಅಲುಗುವುದೂ ಹೆಚ್ಚುಕಡಿಮೆ ಹಾಗೆಯೇ. ಇಲ್ಲಿ ಮದ್ದು ಆ ಅಲುಗಾಟವೇ. ಸವಾರಿ ಕಲಿಸುವುದು ಬೇರೆ ವಿಷಯ.

ಮೊದಲು ವೈದ್ಯರ ಒಪ್ಪಿಗೆ, ಸೊಂಟದ ಕೀಲಿನ ಎಕ್ಸ್-ರೇ. ಕೀಲು ಜಾರಿದ್ದರೆ, ಫಿಟ್ಸ್ ಹತೋಟಿಯಲ್ಲಿಲ್ಲದಿದ್ದರೆ, ಬೆನ್ನುಮೂಳೆ ತೀರಾ ಬಾಗಿದ್ದರೆ ಹತ್ತಿಸಬೇಡಿ.

ತೊಡೆ ಬಿಗಿಯಿರುವ ಮಗುವಿಗೆ ಕಿರಿದಾದ ಬೆನ್ನಿನ, ಶಾಂತ ಕುದುರೆ ಬೇಕು. ಅಗಲ ಬೆನ್ನಿನ ಮೇಲೆ ಕಾಲನ್ನು ಬಲವಂತವಾಗಿ ಅಗಲಿಸಿದರೆ ಬಿಗಿತ ಹೆಚ್ಚಿ, ಸೊಂಟ ಹಿಂದಕ್ಕೆ ವಾಲಿ, ಬೆನ್ನು ಗೂನಾಗುತ್ತದೆ. ಆಮೇಲೆ ಎಷ್ಟು ಸುತ್ತು ಹಾಕಿಸಿದರೂ ಪ್ರಯೋಜನ ಕಡಿಮೆ. ಜೀನಿನ ಬದಲು ಮೆತ್ತೆ ಹಾಕಿ, ಹಿಡಿಕೆಯಿರುವ ಪಟ್ಟಿಯನ್ನು ಕುದುರೆಯ ಮೈಗೆ ಸುತ್ತಿ ಬಿಗಿಯಿರಿ. ಮಗುವಿಗೆ ಹೆಲ್ಮೆಟ್ ಕಡ್ಡಾಯ.

ಕುದುರೆ ಹಿಡಿಯಲು ಒಬ್ಬರು, ಎರಡೂ ಪಕ್ಕಕ್ಕೆ ಒಬ್ಬೊಬ್ಬರು, ಮಗುವನ್ನೇ ಗಮನಿಸುವ ಥೆರಪಿಸ್ಟ್ ಒಬ್ಬರು. ರ‍್ಯಾಂಪ್‌ನಿಂದ ನಿಧಾನವಾಗಿ ಕೂರಿಸಿ. ಮೊದಲ 5 ನಿಮಿಷ ನೇರ ದಾರಿಯಲ್ಲಿ ಮೆಲುನಡಿಗೆ. ಮೈ ಸಡಿಲಾದ ಮೇಲೆ ದೊಡ್ಡ ಸುತ್ತು, ನಂತರ ನಿಲ್ಲಿಸಿ ಹೊರಡಿಸುವುದು. ಪ್ರತಿ ನಿಲುಗಡೆಯಲ್ಲೂ ಮಗು ತಾನೇ ಸೊಂಟದ ಮೇಲಿನ ಮೈಯನ್ನು ಸರಿಪಡಿಸಿಕೊಳ್ಳಬೇಕು, ಅದಕ್ಕೆ ಕೆಲವು ಕ್ಷಣ ಬಿಡಿ. ಓಟ ಬೇಡವೇ ಬೇಡ.

ಮಗು ಒಂದು ಪಕ್ಕಕ್ಕೆ ಜಾರಿದಾಗ ಪಕ್ಕದವರು ನಡೆಯುತ್ತಲೇ ತಳ್ಳಿ ಎತ್ತುವುದು ಸಾಮಾನ್ಯ ತಪ್ಪು. ಕುದುರೆ ನಿಲ್ಲಿಸಿ, ಸೊಂಟ ಹಿಡಿದು ಮಧ್ಯಕ್ಕೆ ತನ್ನಿ.

ಒಟ್ಟು 20ರಿಂದ 30 ನಿಮಿಷ ಸಾಕು. ತಲೆ ಜೋತುಬಿದ್ದರೆ ಅಥವಾ ಕಾಲು ಮತ್ತೆ ಸೆಟೆದರೆ ಅಷ್ಟಕ್ಕೇ ಇಳಿಸಿ.