ಬಿಪಿ ಮಾತ್ರೆ ತಗೊಂಡ ಮೇಲೆ ನಾಡಿ ನಿಧಾನವಾದರೆ ಏನು ಮಾಡಬೇಕು

ಬಿಪಿ ಮಿಷಿನ್‌ನಲ್ಲಿ ಮೂರು ಅಂಕಿ ಬರುತ್ತವೆ. ಮೇಲಿನ ಎರಡನ್ನು ಎಲ್ಲರೂ ನೋಡುತ್ತಾರೆ. ಕೊನೆಯದು ನಾಡಿ, ಅಂದರೆ ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತಿದೆ ಅನ್ನುವ ಲೆಕ್ಕ. ಅಲ್ಲಿ 52 ಅಂತ ಬಂದರೆ ಒಂದೋ ಯಾರೂ ಗಮನಿಸುವುದಿಲ್ಲ, ಇಲ್ಲವೇ ಮನೆಮಂದಿಯೆಲ್ಲ ಗಾಬರಿ. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟೀವಿಯಲ್ಲಿ ದಿನವಿಡೀ ಓಡಿ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದು ನೆನಪಿದೆ ಅಲ್ವಾ? ಆಮೇಲಂತೂ ನಮ್ಮ ಕಡೆ ಹೆದರಿಕೆ ಜಾಸ್ತಿ. ಹೆದರಿದವರು ಮೊದಲು ಮಾತ್ರೆ ಬಿಡುತ್ತಾರೆ. ಅದೊಂದನ್ನು ಮಾಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ. ಕಂಪನಿ ಇಟ್ಟ ಹೆಸರು ಬೇಡ, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಪ್ರೊಪ್ರಾನೊಲಾಲ್ ಇವೆಲ್ಲ ಬೀಟಾ ಬ್ಲಾಕರ್‌ಗಳು. ಹೃದಯದ ಓಟಕ್ಕೆ ಕಡಿವಾಣ ಹಾಕುವುದೇ ಇವುಗಳ ಕೆಲಸ. ಡಿಲ್ಟಿಯಾಜೆಮ್, ವೆರಾಪಮಿಲ್, ಕ್ಲೋನಿಡಿನ್ ಕೂಡ ನಾಡಿ ಇಳಿಸುತ್ತವೆ. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಸಾಮಾನ್ಯವಾಗಿ ಇಳಿಸುವುದಿಲ್ಲ. ಆದರೆ ಅಮ್ಲೋಡಿಪಿನ್ ಜೊತೆ ಅಟೆನೊಲಾಲ್, ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್ ಹೀಗೆ ಎರಡನ್ನು ಸೇರಿಸಿದ ಮಾತ್ರೆಗಳೂ ಬರುತ್ತವೆ, ಹಾಗಾಗಿ ಪೂರ್ತಿ ಓದಿ. ಸಕಲೇಶಪುರದಲ್ಲಿ ಒಬ್ಬ ಡಾಕ್ಟರು, ಹಾಸನದಲ್ಲಿ ಇನ್ನೊಬ್ಬರು ಅಂತ ತೋರಿಸುವವರು ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಬೇಕು. ಬೇರೆ ಬೇರೆ ಹೆಸರಲ್ಲಿ ಒಂದೇ ಔಷಧ ಎರಡು ಸಲ ಹೊಟ್ಟೆಗೆ ಹೋಗುತ್ತಿರಬಹುದು. ಇನ್ನೊಂದು, ಇದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ: ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ಹಾಕುವ ಟಿಮೊಲಾಲ್ ಕಣ್ಣಿನ ಡ್ರಾಪ್ಸ್ ಕೂಡ ಬೀಟಾ ಬ್ಲಾಕರೇ. ಕಣ್ಣಿಗೆ ಬಿಟ್ಟಿದ್ದು ರಕ್ತಕ್ಕೂ ಸೇರುತ್ತದೆ.

ಇನ್ನು ನಾಡಿಯನ್ನು ಕೈಯಲ್ಲೇ ಎಣಿಸಿ. ಬಡಿತ ಏರುಪೇರಾಗಿದ್ದರೆ ಮಿಷಿನ್ ತಪ್ಪು ತೋರಿಸಬಹುದು. ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಅದಕ್ಕೆ ಮೊದಲಿನ ಅರ್ಧ ಗಂಟೆ ಬೀಡಿ, ಕಾಫಿ ಬೇಡ (ಚಿಕ್ಕಮಗಳೂರಿನವರಿಗೆ ಇದನ್ನು ಹೇಳುವುದು ಕಷ್ಟವೇ). ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹೆಬ್ಬೆರಳಲ್ಲಿ ಎಣಿಸಬೇಡಿ, ಅದರದೇ ಬಡಿತ ಸೇರಿಕೊಳ್ಳುತ್ತದೆ. ಅಂಕಿ, ಹೊತ್ತು, ಮಾತ್ರೆ ನುಂಗಿದ ಸಮಯ ಬರೆದಿಡಿ.

60ಕ್ಕಿಂತ ಕಡಿಮೆ ಇದ್ದರೆ ನಿಧಾನ ಅಂತ ಲೆಕ್ಕ. ಆದರೆ ಬೀಟಾ ಬ್ಲಾಕರ್ ತಗೊಳ್ಳುವವರಿಗೆ 50ರಿಂದ 60ರ ನಡುವೆ ಇದ್ದು, ಮೈಗೆ ಏನೂ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಅಂಕಿಗಿಂತ ಮೈ ಹೇಳುವುದನ್ನು ಕೇಳುವುದು ಮುಖ್ಯ ಅಂತ ನನ್ನ ಅಭಿಪ್ರಾಯ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದಾ? ದಿನಾ ಹತ್ತುತ್ತಿದ್ದ ತೋಟದ ಏರಿನಲ್ಲಿ ಈಗ ನಡುವೆ ನಿಲ್ಲಬೇಕಾಗಿದೆಯಾ? ಏರು ಹತ್ತುವಾಗ ಹೃದಯ ಜೋರಾಗಿ ಬಡಿಯಬೇಕು, ಈ ಮಾತ್ರೆ ಅದನ್ನು ತಡೆದು ಹಿಡಿಯುತ್ತದೆ, ಹಾಗಾಗಿ ಕೂತಾಗ ಚೆನ್ನಾಗಿರುವವರಿಗೂ ಅಲ್ಲಿ ಸುಸ್ತು ಗೊತ್ತಾಗುತ್ತದೆ. ವಯಸ್ಸಾಯ್ತು ಬಿಡು ಅಂತ ಅಜ್ಜಿ ಹೇಳಿದರೆ ಅಷ್ಟಕ್ಕೇ ಬಿಡಬೇಡಿ.

ತಲೆ ಸುತ್ತು, ಸುಸ್ತು ಇದ್ದರೆ, ಅಥವಾ ಎಚ್ಚರವಾಗಿ ಕೂತಿದ್ದಾಗಲೂ 50ಕ್ಕಿಂತ ಕೆಳಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಡೋಸ್ ತಗೊಳ್ಳಬೇಕಾ ಅಂತ ಕೇಳಿ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ, ಮಾತು ತಡಬಡಿಸಿದರೆ, ನಾಡಿ 40ಕ್ಕಿಂತ ಕೆಳಗಿಳಿದರೆ ತಕ್ಷಣ 108. ಮೂಡಿಗೆರೆ ಒಳಗಿನ ಎಸ್ಟೇಟ್‌ಗಳಲ್ಲಿ ಮಳೆಗಾಲಕ್ಕೆ ಮರ ಬಿದ್ದು ರಸ್ತೆ ಕಟ್ಟುತ್ತದೆ, ನೆಟ್‌ವರ್ಕೂ ಇರುವುದಿಲ್ಲ, ಆದ್ದರಿಂದ ಯಾರ ಜೀಪು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ರೋಗಿಯೇ ಗಾಡಿ ಓಡಿಸಬಾರದು.

ಮಾತ್ರೆ ಯಾಕೆ ಬಿಡಬಾರದು ಅಂದರೆ, ಬೀಟಾ ಬ್ಲಾಕರ್‌ಗೆ ದೇಹ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಡಿತವೂ ಬಿಪಿಯೂ ಏರಿ, ಮೊದಲೇ ಹೃದಯದ ತೊಂದರೆ ಇದ್ದವರಿಗೆ ಹೃದಯಾಘಾತವೂ ಆಗಬಹುದು. ಕ್ಲೋನಿಡಿನ್ ನಿಲ್ಲಿಸಿದರೂ ಬಿಪಿ ವಿಪರೀತ ಏರುತ್ತದೆ. ಡಾಕ್ಟರು ಸಾಮಾನ್ಯವಾಗಿ ಡೋಸ್ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಸ್ಟ್ರಿಪ್‌ಗಳನ್ನೂ, ಕಣ್ಣಿನ ಡ್ರಾಪ್ಸನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಇಸಿಜಿ ಮಾಡುತ್ತಾರೆ. ಥೈರಾಯ್ಡ್, ಪೊಟ್ಯಾಶಿಯಂ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಬಗ್ಗೆ ನೀವೇ ಕೇಳಿ. ಥೈರಾಯ್ಡ್ ಕಡಿಮೆಯಾದರೂ ನಾಡಿ ಇಳಿಯುತ್ತದೆ. ಅಟೆನೊಲಾಲ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು, ಅದು ಸೋತಿದ್ದರೆ ಔಷಧ ಮೈಯಲ್ಲೇ ಉಳಿದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ, ಯಾಕೆಂದರೆ ಶುಗರ್ ಇಳಿದಾಗ ಬರುವ ನಡುಕ, ಎದೆ ಬಡಿತ ಈ ಮಾತ್ರೆಯಿಂದ ಗೊತ್ತೇ ಆಗದಿರಬಹುದು, ಬೆವರು ಮಾತ್ರ ಬರುತ್ತದೆ. ಹೊಸ ಮಾತ್ರೆ ಬರೆದರೆ ಹಳೆಯದನ್ನು ಯಾವಾಗ, ಹೇಗೆ ನಿಲ್ಲಿಸಬೇಕು ಅಂತ ಚೀಟಿಯಲ್ಲೇ ಬರೆಸಿಕೊಂಡು ಬನ್ನಿ.