ಜರ್ಮನಿಯಲ್ಲಿ ಒಂದು ಸೆಮಿಸ್ಟರ್: ಮೊದಲು ಕ್ರೆಡಿಟ್, ಆಮೇಲೆ ಬ್ಯಾಗು

ಕಾರವಾರ, ಶಿರಸಿ ಕಡೆಯಿಂದ ಎಕ್ಸ್‌ಚೇಂಜ್‌ಗೆ, ಅಂದರೆ ಅಲ್ಲಿನ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಓದಿ ಬರಲು ಹೊರಟವರು ಮೊದಲು ಕೇಳುವುದು ಚಳಿ, ಊಟ, ವೀಸಾ. ಆದರೆ ಆರು ತಿಂಗಳು ದಂಡವಾಗದಂತೆ ಕಾಯುವುದು ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಓದುವ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮ ಎಂದು ಎರಡೂ ಕಾಲೇಜು ಸಹಿ ಹಾಕುವ ಕಾಗದ ಅದು.

ಅಲ್ಲಿ ಸೆಮಿಸ್ಟರ್‌ಗೆ 30 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಲೆಕ್ಕ) ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ ಪಾಠ, ಸ್ವಂತ ಓದು, ಪರೀಕ್ಷೆ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆ. ನಮ್ಮಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ. ಅಂಕಿಗೆ ಅಂಕಿ ಹೊಂದಿಸಲು ಹೋದರೆ ತಾಳೆಯಾಗದು. ನಾನು ಎರಡೂ ಸಿಲಬಸ್ ಪಕ್ಕಪಕ್ಕ ಇಟ್ಟು, ಯೂನಿಟ್‌ವಾರು ಹೋಲಿಕೆಯ ಪಟ್ಟಿ ಮಾಡಿ, ಅದರ ಮೇಲೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಸಹಿ ಪಡೆದೆ. 'ಬಾ, ನೋಡೋಣ' ಎಂಬ ಬಾಯಿಮಾತು ಸಾಲದು. ಎಚ್‌ಒಡಿ ಬದಲಾದರೆ ಮಾತೂ ಹೋಯಿತು.

ಅನೇಕ ಕೋರ್ಸ್‌ಗಳು ಚಳಿಗಾಲದ ಅಥವಾ ಬೇಸಿಗೆಯ ಸೆಮಿಸ್ಟರ್‌ನಲ್ಲಿ ಮಾತ್ರ ಇರುತ್ತವೆ. ಹೆಸರು ಇಂಗ್ಲಿಷಿನಲ್ಲಿದ್ದರೂ ಪಾಠ ಜರ್ಮನ್‌ನಲ್ಲಿ ನಡೆಯಬಹುದು. ಕೋರ್ಸ್‌ಗಳ ವಿವರವಿರುವ ಮಾಡ್ಯೂಲ್ ಹ್ಯಾಂಡ್‌ಬುಕ್‌ನ ಭಾಷೆಯ ಸಾಲು ನೋಡಿಯೇ ಆರಿಸಬೇಕು. ಆ ವರ್ಷದ ಹ್ಯಾಂಡ್‌ಬುಕ್ ಇಳಿಸಿಟ್ಟುಕೊಳ್ಳಿ, ಮುಂದಿನ ವರ್ಷ ಬದಲಾಗಬಹುದು. ಕೋರ್ಸ್ ಬದಲಿಸಿದರೆ ಅಗ್ರಿಮೆಂಟನ್ನೂ ತಿದ್ದಿಸಿ ಮತ್ತೆ ಸಹಿ ಮಾಡಿಸಬೇಕು. ಪರೀಕ್ಷೆಗೆ ಬೇರೆ ನೋಂದಣಿ ಇದೆ. ತರಗತಿಗೆ ತಪ್ಪದೆ ಹೋಗಿದ್ದರೂ ಆ ಗಡುವು ದಾಟಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಫೆಬ್ರವರಿಗೆ ಮುಗಿದರೂ ಪರೀಕ್ಷೆ ಮಾರ್ಚ್‌ವರೆಗೆ ಎಳೆಯಬಹುದು, ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ. ಹಾಜರಾತಿಯ ವಿನಾಯಿತಿಯನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ.

ಅಂಕಗಳು ಅಲ್ಲಿ ತಿರುಗುಮುರುಗು: 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಪರಿವರ್ತನೆಗೆ ಬಳಸುವ ಬವೇರಿಯನ್ ಸೂತ್ರದಲ್ಲಿ ಗರಿಷ್ಠ 10, ಪಾಸು 4 ಎಂದಿಟ್ಟರೆ ನಮ್ಮ 8 ಅಲ್ಲಿ 2.0 ಆಗುತ್ತದೆ, ಅಲ್ಲಿನ 2.3 ಇಲ್ಲಿ 7.4. ನಿಮ್ಮ ಕಾಲೇಜು ಯಾವ ಸೂತ್ರ ಹಿಡಿಯುತ್ತದೆ ಎಂಬುದೂ ಅಗ್ರಿಮೆಂಟ್ ಜೊತೆಗೇ ಇರಲಿ.

ವೀಸಾ ಕೆಲಸ ಬೆಂಗಳೂರಿನಲ್ಲೇ. ಕಾರವಾರದವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಸಾಕು. ಖರ್ಚಿಗೆ ಹಣವಿದೆ ಎಂದು ವೀಸಾಕ್ಕೆ ತೋರಿಸಲು ಮೊದಲೇ ಹಣ ಕಟ್ಟಿಟ್ಟು, ಅಲ್ಲಿ ತಿಂಗಳಿಗಿಷ್ಟು ಎಂದು ತೆಗೆಯುವ ಬ್ಲಾಕ್ಡ್ ಅಕೌಂಟ್‌ಗೆ ತಿಂಗಳಿಗೆ 992 ಯೂರೋ (2024ರ ಸೆಪ್ಟೆಂಬರ್‌ನಿಂದ ಜಾರಿಯಾದ ಮೊತ್ತ), ಅಂದರೆ ಆರು ತಿಂಗಳಿಗೆ 5,952.

ಬ್ಯಾಗಿನ ವಿಷಯದಲ್ಲಿ ನಮ್ಮೂರಿನವರಿಗೆ ಸ್ವಲ್ಪ ಎಚ್ಚರ ಬೇಕು. ಯುರೋಪಿಯನ್ ಒಕ್ಕೂಟಕ್ಕೆ ತುಪ್ಪ, ಪೇಡೆಯಂಥ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಜೇನು 2 ಕೆಜಿಯವರೆಗೆ ಸರಿ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿಯ ಭಯ, ಹಾಗಾಗಿ ವಿಮಾನದ ಲಗೇಜಿಗೆ ಬೇಡ. ಚಟ್ನಿಪುಡಿ ಕೊಬ್ಬರಿಯಿಲ್ಲದೆ ಮಾಡಿಸಿ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಚೆಕ್-ಇನ್ ಬ್ಯಾಗಿನಲ್ಲೇ ಹೋಗಬೇಕು. ಮೇಲೆ ಹೋದಂತೆ ಡಬ್ಬಿಯೊಳಗಿನ ಗಾಳಿ ಹಿಗ್ಗಿ ರಸ ಜಿನುಗುತ್ತದೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಪಿ, ಟೇಪು ಸುತ್ತಿ, ಎರಡು ಜಿಪ್ ಕವರಿನಲ್ಲಿ ಹಾಕಿ. ಅಪ್ಪೆಮಿಡಿ ವಾಸನೆ ಬಟ್ಟೆಗೆ ಹತ್ತಿದರೆ ಆ ಸೆಮಿಸ್ಟರ್‌ನಲ್ಲಿ ಬಿಡುವುದಿಲ್ಲ.

ಮನೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರ ಸಹಿಯ ಪತ್ರ ಬೇಕೇ ಬೇಕು. ಹೊರಡುವಾಗ ಅದನ್ನು ರದ್ದು ಮಾಡಿಸಿ, ಒಂದು ವಾರ ಮೊದಲಿನಿಂದ ಅವಕಾಶವಿದೆ. ಹಾಗೇ ಬಂದುಬಿಟ್ಟರೆ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಇರುವ ರೇಡಿಯೋ-ಟಿವಿ ಪ್ರಸಾರ ಶುಲ್ಕದ ಪತ್ರಗಳು ಹಿಂಬಾಲಿಸುತ್ತವೆ. ಟ್ರಾನ್ಸ್‌ಕ್ರಿಪ್ಟ್ (ಅಲ್ಲಿನ ಅಂಕಪಟ್ಟಿ) ಮಾತ್ರ ಅವಸರ ಮಾಡಿದರೂ ಬೇಗ ಬರುವುದಿಲ್ಲ, ಮೌಲ್ಯಮಾಪನಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಅದನ್ನು ನೇರ ನಮ್ಮ ಕಾಲೇಜಿನ ಪರೀಕ್ಷಾ ವಿಭಾಗಕ್ಕೂ ಕಳಿಸುವಂತೆ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿಗೆ ಮೊದಲೇ ಮೇಲ್ ಹಾಕಿ, ಒಂದು ಪ್ರತಿ ನಿಮಗೂ ಬರಲಿ.